ನೊಂದವರೊಡನೆ ನ್ಯಾಯದ ಮಾತು

೧

ಪುಣೆಯಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯು ಹುಬ್ಬಳ್ಳಿಯನ್ನು ದಾಟಿ ಶಿಗ್ಗಾವಿಯನ್ನು ಮುಟ್ಟುವ ಮೊದಲು ಗೊಟಗೋಡಿಯೆಂಬ ಹಳ್ಳಿಯ ಮಗ್ಗುಲಲ್ಲಿ ಹಾಯುತ್ತದೆ. ಕಲಾವಿದರಾದ ಟಿ. ಬಿ. ಸೊಲಬಕ್ಕನವರು ಕಟ್ಟಿಸಿದ ಶಿಲ್ಪವನದಿಂದಲೂ, ೨೦೧೧ರಲ್ಲಿ ಸ್ಥಾಪನೆಯಾದ ಜಾನಪದ ವಿಶ್ವವಿದ್ಯಾಲಯದಿಂದಲೂ ಆ ಊರಿನ ಹೆಸರು ಈಗ ನಾಡಿನಲ್ಲೆಲ್ಲ ಪರಿಚಿತವಾಗಿದೆ. ಶಿಲ್ಪವನದಲ್ಲಿ ಹಳ್ಳಿಯ ಹಿಂದಿನ ಬಾಳುವೆಯು ಪ್ರತಿಮೆಗಳ ರೂಪದಿಂದ ನಿಂತಿರುವದು. ಅಲ್ಲಿಯದೆಲ್ಲವೂ ಎತ್ತಿನ ನಡಿಗೆಯ ಕಾಲದ್ದು. ಅದರ ಹೊರಗೆ, ಹೆದ್ದಾರಿಯಲ್ಲಿ, ಹಗಲಿರುಳೆನ್ನದೆ ಲಾರಿ ಬಸ್ಸುಗಳು ಬಿರುಗಾಳಿಯಂತೆ ಓಡುತ್ತಿರುವವು. ಎರಡು ಯುಗಗಳು ಒಂದೇ ಊರಿನ ಸೀಮೆಯಲ್ಲಿ ಎದುರುಬದುರಾಗಿ ನಿಂತಿವೆಯೆಂದು ಹೇಳಿದರೆ ತಪ್ಪಾಗದು.

ಇಂಥ ದಾರಿಯ ಬದಿಯ ಊರಿನಲ್ಲಿ ಒಬ್ಬ ರೈತನು ಸಂಜೆಯ ಹೊತ್ತು ಹೊಲದಿಂದ ಮರಳುವಾಗ ವಾಹನಕ್ಕೆ ಸಿಕ್ಕನೆಂದು ಭಾವಿಸೋಣ. ಮೊದಲ ದಿನಗಳಲ್ಲಿ ಮನೆಯವರಿಗೆ ಆಸ್ಪತ್ರೆಯ ಹೊರತು ಬೇರೆ ಲೋಕವೇ ಇರುವದಿಲ್ಲ. ಬಳಿಕ ಒಂದೊಂದಾಗಿ ದನಿಗಳು ಬಾಗಿಲಿಗೆ ಬರತೊಡಗುವವು. ಪೋಲೀಸರದು ಪಂಚನಾಮೆಯ ದನಿ, ವಿಮಾ ಕಂಪನಿಯವರದು ಲೆಕ್ಕದ ದನಿ, ಇವೆರಡೂ ಬಿರುಸಾದವು. ಮೂರನೆಯದೊಂದು ದನಿಯು ಮಾತ್ರ ಬಲು ಮೆತ್ತಗಿರುವದು. “ತಾಯೀ, ನೀವೇನೂ ಚಿಂತೆ ಮಾಡಬೇಡಿರಿ, ಎಲ್ಲವನ್ನೂ ನಾವು ನೋಡಿಕೊಳ್ಳುತ್ತೇವೆ, ಇಲ್ಲಿ ಒಂದು ಹೆಬ್ಬೆಟ್ಟು ಒತ್ತಿರಿ” ಎಂದು ಅದು ಹೇಳುತ್ತದೆ. ಅದು ದಲ್ಲಾಳಿಯ ದನಿ. ನ್ಯಾಯದ ಹೆಸರಿನಿಂದ ಬರುವ ಮಾತುಗಳಲ್ಲಿ ಎಲ್ಲಕ್ಕಿಂತ ಬೆಚ್ಚಗಿನದು ಎಲ್ಲಕ್ಕಿಂತ ಕಡಿಮೆ ನಂಬತಕ್ಕದ್ದಾಗಿರುವದು ಹೇಗೆ? ನೊಂದವರೊಡನೆ ನ್ಯಾಯವು ಎಂಥ ಮಾತನ್ನಾಡಬೇಕು, ಆ ಮಾತನ್ನು ಯಾರು ಆಡಬೇಕು? ಇದಕ್ಕೆ ಉತ್ತರವನ್ನು ಹುಡುಕಹೋದರೆ ನಮ್ಮ ನಾಡಿನ ಹಳೆಯ ಕಲ್ಲುಗಳಿಂದಲೇ ಮೊದಲುಮಾಡಬೇಕಾಗುತ್ತದೆ.

೨

ಹಾನಗಲ್ಲು, ಬಂಕಾಪುರ, ಸವಣೂರು, ಹಿರೇಕೆರೂರು ಸೀಮೆಗಳಲ್ಲಿ ವೀರಗಲ್ಲುಗಳು ಹೇರಳವಾಗಿ ದೊರೆಯುತ್ತವೆ. ತುರುಗಳನ್ನು ಮರಳಿಸುವದರಲ್ಲಿಯೋ ಊರನ್ನು ಕಾಯುವದರಲ್ಲಿಯೋ ಮಡಿದವನ ನೆನಪಿಗಾಗಿ ನಿಲ್ಲಿಸಿದ ಈ ಕಲ್ಲುಗಳನ್ನು ನೋಡಿದವರು ಅವುಗಳಲ್ಲಿಯ ಅಪ್ಸರೆಯರನ್ನೂ ಶಿವಲಿಂಗವನ್ನೂ ಮೆಚ್ಚಿಕೊಳ್ಳುವರು. ಆದರೆ ಶಾಸನಗಳಲ್ಲಿ ಬರುವ ಇನ್ನೊಂದು ಸಂಗತಿಯು ಅಷ್ಟಾಗಿ ಲಕ್ಷ್ಯಕ್ಕೆ ಬರುವದಿಲ್ಲ. ಮಡಿದವನ ಮನೆತನದವರಿಗೆ ಭೂಮಿಯನ್ನು ಬಿಟ್ಟುಕೊಡುವ ಪದ್ಧತಿಯು ಕನ್ನಡ ನಾಡಿನಲ್ಲಿ ಬಹು ಕಾಲದಿಂದ ನಡೆದುಬಂದಿತ್ತು. ಅಂಥ ದತ್ತಿಗೆ ನೆತ್ತರುಗೊಡಗೆಯೆಂದು ಹೆಸರು. ನೆತ್ತರಿಗೆ ಪ್ರತಿಯಾಗಿ ಕೊಟ್ಟ ಕೊಡುಗೆ ಎಂಬದೇ ಅದರ ಅರ್ಥ. ಹೆಸರಿನಲ್ಲಿ ಯಾವ ಮುಚ್ಚುಮರೆಯೂ ಇಲ್ಲ. ಸತ್ತವನು ಮರಳಿ ಬರಲಾರನು, ಅವನ ಮಕ್ಕಳು ಉಣ್ಣಬೇಕು ಎಂಬ ಎರಡು ಮಾತುಗಳು ಆ ಒಂದು ಶಬ್ದದಲ್ಲಿ ಅಡಗಿವೆ.

ಇಲ್ಲಿ ಗಮನಿಸತಕ್ಕದ್ದು ಕೊಡುಗೆಯಷ್ಟೇ ಅಲ್ಲ, ಅದನ್ನು ಸಾರಿದ ರೀತಿಯೂ ಹೌದು. ಕಲ್ಲು ಊರ ಮುಂದೆ ನಿಲ್ಲುವದು. ಯಾರು ಮಡಿದರು, ಯಾತಕ್ಕಾಗಿ ಮಡಿದರು, ಯಾರು ಏನನ್ನು ಕೊಟ್ಟರು, ಅದನ್ನು ಅಳಿದವನಿಗೆ ಎಂಥ ಪಾಪ ಬರುವದು ಎಂಬದನ್ನು ಊರಿನ ಭಾಷೆಯಲ್ಲಿ, ಎಲ್ಲರ ಕಣ್ಣೆದುರಿಗೆ, ಅದು ಹೇಳುವದು. ವಿಧವೆಯು ತನ್ನ ಹಕ್ಕು ಯಾವದೆಂದು ಯಾವನೋ ನಡುವಿನವನನ್ನು ಕೇಳಬೇಕಾದ ಪ್ರಸಂಗವಿಲ್ಲ.

ಇದು ಯುದ್ಧದಲ್ಲಿ ಮಡಿದವರ ಮಾತಾಯಿತು. ದಿನಬಳಕೆಯ ಪೆಟ್ಟುಗಳ ವಿಷಯದಲ್ಲಿ ಧರ್ಮಶಾಸ್ತ್ರಗಳೇನು ಹೇಳಿದವೆಂಬದಕ್ಕೂ ಕನ್ನಡ ನಾಡಿನ ಸಾಕ್ಷಿಯೇ ಇದೆ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (೧೦೭೬–೧೧೨೬) ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದನು. ದಾಯಭಾಗದ ವಿಷಯದಲ್ಲಿ ಆ ಗ್ರಂಥವು ಹಿಂದುಸ್ಥಾನದ ಬಹುಭಾಗಕ್ಕೆ ಪ್ರಮಾಣವಾದುದು ಎಲ್ಲರಿಗೂ ತಿಳಿದದ್ದೇ. ಅದರಲ್ಲಿಯ ದಂಡಪಾರುಷ್ಯ ಪ್ರಕರಣವು ಅಷ್ಟು ಪ್ರಸಿದ್ಧವಲ್ಲ. ಒಬ್ಬನ ಮೈಗೆ ನೋವನ್ನುಂಟುಮಾಡಿದವನು ರಾಜನಿಗೆ ದಂಡವನ್ನು ತೆರುವದಲ್ಲದೆ, ನೊಂದವನು ಮತ್ತೆ ಏಳುವವರೆಗೆ ತಗಲುವ ವೆಚ್ಚವನ್ನೂ ಕೊಡತಕ್ಕದ್ದೆಂದು ಸ್ಮೃತಿಯ ವಿಧಿ. ಆ ವೆಚ್ಚವೆಂದರೆ ಗಾಯವು ಮಾಯುವದಕ್ಕೆ ಬೇಕಾಗುವ ಔಷಧದ ಮತ್ತು ಪಥ್ಯದ ಖರ್ಚು ಎಂದು ವ್ಯಾಖ್ಯಾನವು ಬಿಡಿಸಿ ಹೇಳುತ್ತದೆ. ಬರಿಯ ಔಷಧವಲ್ಲ, ಪಥ್ಯವೂ ಲೆಕ್ಕಕ್ಕೆ ಬಂದಿದೆ! ಹಾಸಿಗೆ ಹಿಡಿದವನು ಏನನ್ನು ಉಣ್ಣಬೇಕೆಂಬವರೆಗೆ ಶಾಸ್ತ್ರಕಾರನ ದೃಷ್ಟಿಯು ಹೋಗಿದೆ.

ಬಂಡಿಗಳಿಂದಾಗುವ ಅಪಘಾತಗಳನ್ನು ಮನುಸ್ಮೃತಿಯು ಪ್ರತ್ಯೇಕವಾಗಿ ವಿಚಾರಿಸಿದೆ. ಮೂಗುದಾರವು ಹರಿದರೆ, ನೊಗವು ಮುರಿದರೆ, ಅಚ್ಚು ಅಥವಾ ಗಾಲಿಯು ಮುರಿದರೆ ಹೊಡೆಯುವವನಿಗೆ ದಂಡವಿಲ್ಲ. “ಸರಿಯಿರಿ” ಎಂದು ಕೂಗಿ ಎಚ್ಚರಿಸಿದ್ದರೂ ದಂಡವಿಲ್ಲ. ಹೊಡೆಯುವವನು ಪಳಗದವನಾಗಿ ಬಂಡಿಯು ದಾರಿತಪ್ಪಿದರೆ ಮಾತ್ರ ದಂಡವು ಒಡೆಯನ ತಲೆಯ ಮೇಲೆ ಬರುವದು. ಪಳಗಿದವನಾಗಿದ್ದು ತಪ್ಪಿದರೆ ಹೊಡೆಯುವವನ ಮೇಲೆ. ವಾಹನದ ಒಡೆಯನಿಗೂ ಹೊಡೆಯುವವನಿಗೂ ಇರುವ ಹೊಣೆಯ ಹಂಚಿಕೆಯನ್ನು ಇಂದಿನ ನ್ಯಾಯಾಲಯಗಳು ಇನ್ನೂ ವಿಚಾರಿಸುತ್ತಲೇ ಇವೆ. ಯಾಜ್ಞವಲ್ಕ್ಯಸ್ಮೃತಿಯಲ್ಲಿ ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ವಿಧಿಯಿದೆ. ಕೋಡು ಕೋರೆಗಳುಳ್ಳ ಪ್ರಾಣಿಯು ಒಬ್ಬನ ಮೇಲೆ ಬಿದ್ದಾಗ, ಬಿಡಿಸುವ ಶಕ್ತಿಯಿದ್ದೂ ಒಡೆಯನು ಸುಮ್ಮನಿದ್ದರೆ ಅವನಿಗೆ ದಂಡ. ಸಿಕ್ಕವನು ಕೂಗಿಕೊಂಡರೂ ಸುಮ್ಮನಿದ್ದರೆ ದಂಡವು ಇಮ್ಮಡಿ. ಕೂಗು ಕೇಳಿದ ಮೇಲೆ ಸುಮ್ಮನಿರುವದು ಬೇರೊಂದು ಅಪರಾಧವೆಂದು ಇದರ ತಾತ್ಪರ್ಯ.

ಈ ವ್ಯವಸ್ಥೆಯು ಸರ್ವಾಂಗಸುಂದರವಾಗಿತ್ತೆಂದು ಯಾರೂ ಹೇಳಲಾರರು. ದಂಡದ ಹಣವು ರಾಜನ ಬೊಕ್ಕಸಕ್ಕೆ ಹೋಗುತ್ತಿತ್ತು. ಹೊಡೆದವನ ಮತ್ತು ಹೊಡೆಸಿಕೊಂಡವನ ವರ್ಣವನ್ನು ನೋಡಿ ದಂಡವು ಏರಿಳಿಯುತ್ತಿತ್ತು. ಆದರೆ ಗಾಯಾಳುವಿನ ವೆಚ್ಚವನ್ನು ಗಾಯಮಾಡಿದವನು ತೆರಬೇಕೆಂಬ ತತ್ತ್ವವು ಪರದೇಶದಿಂದ ಬಂದ ಹೊಸ ಸರಕಲ್ಲವೆಂಬದು ಇದರಿಂದ ಸ್ಪಷ್ಟವಾಗುತ್ತದೆ.

೩

೧೮೧೮ರಲ್ಲಿ ಪೇಶವೆಯವರ ರಾಜ್ಯವು ಮುಗಿದು ಧಾರವಾಡ ಸೀಮೆಯು ಇಂಗ್ಲಿಷರ ಕೈಗೆ ಬಂದ ಮೇಲೆ ನ್ಯಾಯದ ದನಿಯೇ ಬದಲಾಯಿತು. ಆರಂಭದಲ್ಲಿ ಸರಕಾರಿ ವ್ಯವಹಾರವು ಮರಾಠಿಯಲ್ಲಿ ನಡೆಯುತ್ತಿತ್ತು. ಮೇಲಿನ ಕೋರ್ಟುಗಳ ಭಾಷೆಯು ಇಂಗ್ಲಿಷು. ಹಳ್ಳಿಯವನ ದುಃಖವು ಅವನ ಬಾಯಿಂದ ಕನ್ನಡದಲ್ಲಿ ಹೊರಟು, ಬರವಣಿಗೆಗಿಳಿಯುವಾಗ ಬೇರೊಂದು ಭಾಷೆಯಾಗುತ್ತಿತ್ತು. ತಾನು ಕೊಟ್ಟ ಫಿರ್ಯಾದಿಯನ್ನು ತಾನೇ ಓದಲಾರದ ಈ ಸ್ಥಿತಿಯಲ್ಲಿ ಕೋರ್ಟಿಗೂ ಕಕ್ಷಿಗಾರನಿಗೂ ನಡುವೆ ವಕೀಲನೆಂಬ ಸೇತುವೆಯು ಬೇಕಾಯಿತು. ಸೇತುವೆಯನ್ನು ತಲುಪುವ ದಾರಿಯೂ ತಿಳಿಯದ ಬಡವನಿಗಾಗಿ ದಲ್ಲಾಳಿಯೂ ಹುಟ್ಟಿಕೊಂಡನು.

ಕಾಯಿದೆಯ ಇತಿಹಾಸದಲ್ಲಿ ೧೮೫೫ನೆಯ ಇಸವಿಯು ನೆನಪಿಡತಕ್ಕದ್ದು. ಅಪಘಾತದಲ್ಲಿ ಗಾಯಗೊಂಡವನು ಬದುಕಿದರೆ ದಾವೆ ಹೂಡಬಹುದು, ಸತ್ತರೆ ಅವನ ಹಕ್ಕೂ ಅವನೊಡನೆ ಸಾಯುವದು ಎಂಬ ವಿಚಿತ್ರ ತತ್ತ್ವವು ಇಂಗ್ಲಿಷ್ ನ್ಯಾಯದಲ್ಲಿತ್ತು. ಕೈ ಮುರಿಯುವದಕ್ಕಿಂತ ಕೊಲ್ಲುವದೇ ಅಗ್ಗವೆಂದಂತಾಯಿತು! ಇಂಗ್ಲಂಡದಲ್ಲಿ ೧೮೪೬ರಲ್ಲಿ ಈ ದೋಷವನ್ನು ತಿದ್ದಿದರು. ಅದರ ಮಾದರಿಯಿಂದ ೧೮೫೫ರಲ್ಲಿ ಇಲ್ಲಿಯೂ ಮಾರಕ ಅಪಘಾತಗಳ ಕಾಯಿದೆಯಾಯಿತು. ಸತ್ತವನ ಹೆಂಡತಿ ಅಥವಾ ಗಂಡ, ತಂದೆತಾಯಿ ಮತ್ತು ಮಕ್ಕಳ ಸಲುವಾಗಿ ದಾವೆಯನ್ನು ತರಬಹುದೆಂದು ಅದು ವಿಧಿಸಿತು. ಒಟ್ಟುಕುಟುಂಬದ ಅಣ್ಣತಮ್ಮಂದಿರಿಗೆ ಆ ಪಟ್ಟಿಯಲ್ಲಿ ಎಡೆಯಿರಲಿಲ್ಲ. ನಮ್ಮ ಮನೆಗಳಲ್ಲಿ ಅಣ್ಣನ ದುಡಿಮೆಯಿಂದ ತಮ್ಮನು ಬಾಳುವದೂ ಉಂಟೆಂಬ ಮಾತು ಸುಪ್ರೀಮ್ ಕೋರ್ಟಿನ ತೀರ್ಪಿನಲ್ಲಿ ಮೂಡಿ, ವಾಹನ ಅಪಘಾತಗಳಲ್ಲಿ ಅಣ್ಣತಮ್ಮಂದಿರ ದಾವೆಯೂ ನಿಲ್ಲುವದೆಂದು ನಿರ್ಣಯವಾಗುವದಕ್ಕೆ ೧೯೮೭ರವರೆಗೆ ಕಾಯಬೇಕಾಯಿತು.

೧೮೭೯ರ ವಕೀಲಿ ಕಾಯಿದೆಯು ದಲ್ಲಾಳಿಗಳನ್ನು ಕೋರ್ಟಿನ ಆವರಣದಿಂದ ಹೊರಗಿಡುವ ಕಾಯಿದೆಯಾಗಿಯೂ ನಡೆದುಬಂದಿತು. ಅಂಥವರ ಪಟ್ಟಿಯನ್ನು ಮಾಡಿ ಪ್ರಕಟಿಸುವ ಅಧಿಕಾರವು ಅದರ ಕೆಳಗೆ ನ್ಯಾಯಾಧೀಶರಿಗಿತ್ತು. ಆ ಕಾಯಿದೆಯನ್ನು ೨೦೨೩ರಲ್ಲಿ ರದ್ದುಪಡಿಸಿದಾಗಲೂ ದಲ್ಲಾಳಿಗಳ ಪಟ್ಟಿಯ ವಿಧಿಯನ್ನು ಮಾತ್ರ ಬಿಟ್ಟುಕೊಡದೆ ನ್ಯಾಯವಾದಿಗಳ ಕಾಯಿದೆಯಲ್ಲಿ ಹೊಸದಾಗಿ ಸೇರಿಸಬೇಕಾಯಿತು. ದಲ್ಲಾಳಿಯು ಎಷ್ಟು ಗಟ್ಟಿ ಬೇರಿನವನೆಂಬದಕ್ಕೆ ಬೇರೆ ಪ್ರಮಾಣವೇಕೆ?

೧೯೨೩ರಲ್ಲಿ ಕೆಲಸಗಾರರ ನಷ್ಟಪರಿಹಾರದ ಕಾಯಿದೆಯು ಬಂದಿತು. ತಪ್ಪು ಯಾರದೆಂಬ ದೀರ್ಘ ವಿವಾದಕ್ಕಿಳಿಯದೆ, ಕೆಲಸದಲ್ಲಿದ್ದಾಗ ಆದ ಗಾಯಕ್ಕೆ ಧಣಿಯು ಹಣ ಕೊಡತಕ್ಕದ್ದೆಂಬದು ಅದರ ಹೊಸತನ. ಹತ್ತಿಯ ಗಿರಣಿಗಳೂ ರೇಲ್ವೆ ಕಾರ್ಖಾನೆಯೂ ಇದ್ದ ಹುಬ್ಬಳ್ಳಿಯಂಥ ಊರಿಗೆ ಇದರ ಮಹತ್ವವನ್ನು ಬೇರೆ ಹೇಳಬೇಕಾಗಿಲ್ಲ. ಅದರ ಪರಿಶಿಷ್ಟವು ಮನುಷ್ಯನ ಮೈಯನ್ನು ಅಂಗಾಂಗವಾಗಿ ಬೆಲೆಕಟ್ಟಿದ ಪಟ್ಟಿ. ಹೆಬ್ಬೆರಳು ಹೋದರೆ ದುಡಿಮೆಯ ಶಕ್ತಿಯಲ್ಲಿ ನೂರಕ್ಕೆ ಮೂವತ್ತು ಹೋಯಿತೆಂದು ಅದರ ಇತ್ತೀಚಿನ ಲೆಕ್ಕ. ಆ ಕಾಯಿದೆಯ ವಿಧಿಗಳು ೨೦೨೦ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಅಡಕವಾದವು. ಪಟ್ಟಿಯಿಂದ ಉಪಕಾರವಾಯಿತೆಂಬದು ನಿಜ. ಆದರೆ ಬೆರಳು ಕಳೆದುಕೊಂಡವನೊಡನೆ ಪಟ್ಟಿಯ ಭಾಷೆಯಲ್ಲಿ ಮಾತನಾಡುವದು ಎಂಥ ಮರುಕವಿಲ್ಲದ ಕೆಲಸ!

೪

ಮೋಟಾರುಗಳು ಹೆಚ್ಚಿದಂತೆ ೧೯೩೯ರಲ್ಲಿ ಮೋಟಾರು ವಾಹನಗಳ ಕಾಯಿದೆಯಾಗಿ, ಮೂರನೆಯವರಿಗೆ ಆಗುವ ಹಾನಿಗಾಗಿ ವಿಮೆಯು ಕಡ್ಡಾಯವಾಯಿತು. ಆದರೂ ಪರಿಹಾರಕ್ಕಾಗಿ ದಿವಾಣಿ ಕೋರ್ಟಿನಲ್ಲಿ ಮುದ್ರಾಶುಲ್ಕ ಕಟ್ಟಿ ವರ್ಷಾನುಗಟ್ಟಲೆ ಕಾಯಬೇಕಾಗಿತ್ತು. ೧೯೫೬ರ ತಿದ್ದುಪಡಿಯಿಂದ ಅಪಘಾತದ ದಾವೆಗಳಿಗಾಗಿಯೇ ನ್ಯಾಯಮಂಡಳಿಗಳು ಏರ್ಪಟ್ಟವು. ೧೯೮೨ರಲ್ಲಿ ಇನ್ನೊಂದು ಹೆಜ್ಜೆ. ತಪ್ಪು ಯಾರದೇ ಇರಲಿ, ಮರಣಕ್ಕೆ ೧೫,೦೦೦ ರೂಪಾಯಿ, ಶಾಶ್ವತ ಅಂಗವೈಕಲ್ಯಕ್ಕೆ ೭,೫೦೦ ರೂಪಾಯಿ ಕೂಡಲೇ ಸಲ್ಲತಕ್ಕದ್ದೆಂದು ವಿಧಿಯಾಯಿತು. ಈ ಮೊತ್ತಗಳು ೧೯೮೮ರ ಹೊಸ ಕಾಯಿದೆಯಲ್ಲಿ ೨೫,೦೦೦ ಮತ್ತು ೧೨,೦೦೦ಕ್ಕೂ, ೧೯೯೪ರಲ್ಲಿ ೫೦,೦೦೦ ಮತ್ತು ೨೫,೦೦೦ಕ್ಕೂ ಏರಿದವು. ೨೦೧೯ರ ತಿದ್ದುಪಡಿಯು ಆ ವಿಧಿಯನ್ನು ತೆಗೆದು, ತಪ್ಪನ್ನು ವಿಚಾರಿಸದೆಯೇ ಮರಣಕ್ಕೆ ಐದು ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ರೂಪಾಯಿಗಳನ್ನು ಗೊತ್ತುಮಾಡಿತು. ಗುದ್ದಿ ಓಡಿಹೋದ ವಾಹನವು ಸಿಕ್ಕದಿದ್ದರೂ ಮರಣಕ್ಕೆ ಎರಡು ಲಕ್ಷ, ತೀವ್ರ ಗಾಯಕ್ಕೆ ಐವತ್ತು ಸಾವಿರ ದೊರೆಯುವಂತೆ ೨೦೨೨ರಿಂದ ವ್ಯವಸ್ಥೆಯಾಗಿದೆ. ೨೦೨೫ರಲ್ಲಿ, ಗಾಯಾಳುವಿಗೆ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಗಳ ಮಿತಿಯಲ್ಲಿ ಕೈಯಿಂದ ಹಣವಿಲ್ಲದೆ ಚಿಕಿತ್ಸೆ ದೊರೆಯುವ ಯೋಜನೆಯು ಪ್ರಕಟವಾಯಿತು. ಔಷಧದ ವೆಚ್ಚವನ್ನು ಮೊದಲು ನೋಡಬೇಕೆಂಬ ಮಿತಾಕ್ಷರದ ಕಾಳಜಿಯು ಒಂಬತ್ತು ಶತಮಾನಗಳ ತರುವಾಯ ಬೇರೊಂದು ರೂಪದಿಂದ ಮರಳಿ ಬಂದಂತಾಯಿತು.

ದೂರದ ಅಡಚಣೆಯೂ ಸ್ವಲ್ಪಮಟ್ಟಿಗೆ ತಗ್ಗಿದೆ. ಅಪಘಾತವು ಎಲ್ಲಿಯೇ ಆಗಿರಲಿ, ಫಿರ್ಯಾದಿಯು ತಾನು ವಾಸಿಸುವ ಸ್ಥಳದ ನ್ಯಾಯಮಂಡಳಿಯಲ್ಲಿಯೇ ಅರ್ಜಿಯನ್ನು ಕೊಡಬಹುದೆಂದು ೧೯೯೪ರಲ್ಲಿ ವಿಧಿಯಾಯಿತು. ಮೇಲ್ಮನವಿಗಾಗಿ ಬೆಂಗಳೂರಿಗೆ ಅಲೆಯಬೇಕಾಗಿದ್ದ ಈ ಭಾಗದವರಿಗೆ ೨೦೦೮ರಲ್ಲಿ ಧಾರವಾಡದಲ್ಲಿಯೇ ಹೈಕೋರ್ಟಿನ ಸಂಚಾರಿ ಪೀಠವಾಗಿ, ೨೦೧೩ರಲ್ಲಿ ಅದು ಕಾಯಂ ಆಯಿತು.

ಆದರೆ ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈಯಿಂದ ಬಿಗಿಹಿಡಿದಂತೆ, ಅಪಘಾತವಾದ ಆರು ತಿಂಗಳೊಳಗೆ ಅರ್ಜಿಯು ಬರಬೇಕೆಂಬ ಗಡುವು ೨೦೧೯ರ ತಿದ್ದುಪಡಿಯಲ್ಲಿದೆ. ೧೯೯೪ರಲ್ಲಿ ತೆಗೆದುಹಾಕಿದ್ದ ಗಡುವು ಹೀಗೆ ಮರಳಿತು. ಗಂಡನನ್ನು ಕಳೆದುಕೊಂಡವಳಿಗೆ ಮೊದಲ ಆರು ತಿಂಗಳು ಎಂಥ ಕಾಲವೆಂಬದನ್ನು ಮನೆವಾಳ್ತೆಯವರೆಲ್ಲರೂ ಬಲ್ಲರು. ಆ ಗಡುವಿನ ನ್ಯಾಯಾನ್ಯಾಯಗಳ ಪ್ರಶ್ನೆಯು ಸುಪ್ರೀಮ್ ಕೋರ್ಟಿನವರೆಗೂ ಹೋಯಿತು. ಅದೇನೇ ಇರಲಿ, ಕಾಯಿದೆಯಲ್ಲಿ ಹಕ್ಕು ಇದ್ದರೆ ಸಾಲದು, ಹಕ್ಕಿದೆಯೆಂಬ ಮಾತು ಸಕಾಲದಲ್ಲಿ ಮನೆಗೆ ಮುಟ್ಟಬೇಕು. ಆ ಮಾತನ್ನು ಮುಟ್ಟಿಸುವವರು ಯಾರು?

೫

ನ್ಯಾಯವಾದಿಗಳೇ ಮುಟ್ಟಿಸಬಾರದೇಕೆ ಎಂದು ಯಾರಾದರೂ ಕೇಳಬಹುದು. ಅಮೇರಿಕದಲ್ಲಿ ಗಾಯಾಳುಗಳ ದಾವೆಗಳನ್ನೇ ನಡೆಸುವ ವಕೀಲಸಂಸ್ಥೆಗಳು ಎಷ್ಟೋ ಇವೆ; ತಮ್ಮ ಜಾಹೀರಾತಿನ ದನಿಯು ಬಿರುಸಾಗಿರದೆ ಆಪ್ತರ ದನಿಯಂತೆ ಬೆಚ್ಚಗಿರಬೇಕೆಂದು ಅವು ಸಂಬಳ ಕೊಟ್ಟು ಬರಹಗಾರರನ್ನು ಇರಿಸಿಕೊಳ್ಳುವದೂ ಉಂಟು. ಅಲ್ಲಿಯೂ ಮೊದಲು ಜಾಹೀರಾತಿಗೆ ನಿಷೇಧವಿತ್ತು. ಅರಿಜೋನಾದ ಇಬ್ಬರು ತರುಣ ವಕೀಲರು ೧೯೭೬ರಲ್ಲಿ ತಮ್ಮ ಶುಲ್ಕದ ದರಗಳನ್ನು ವೃತ್ತಪತ್ರದಲ್ಲಿ ಅಚ್ಚುಹಾಕಿಸಿದ್ದರಿಂದ ಮೊಕದ್ದಮೆಯಾಯಿತು. ಸತ್ಯವಾದ ಜಾಹೀರಾತನ್ನು ಪೂರ್ತಿಯಾಗಿ ತಡೆಯಲಾಗದೆಂದು ಅಲ್ಲಿಯ ಸುಪ್ರೀಮ್ ಕೋರ್ಟು ೧೯೭೭ರಲ್ಲಿ ತೀರ್ಮಾನಿಸಿತು. ಬಡವರು ವಕೀಲರಿಂದ ದೂರವಿರುವದಕ್ಕೆ ಶುಲ್ಕದ ಭಯವೂ ಒಂದು ಕಾರಣ. ದರವನ್ನು ಬಯಲಿಗಿಟ್ಟರೆ ಭಯವು ಕಡಿಮೆಯಾಗುವದೆಂಬದು ಆ ವಾದದ ತಿರುಳು. ಇಂಗ್ಲಂಡದ ಸಾಲಿಸಿಟರರಿಗೂ ೧೯೮೪ರಿಂದ ಜಾಹೀರಾತಿಗೆ ಅಪ್ಪಣೆಯಾಯಿತು.

ಬಾಗಿಲು ತೆರೆದೊಡನೆ ಗಾಳಿಯೊಡನೆ ಧೂಳೂ ಬಂದಿತು. ಓಹಾಯೋ ಪ್ರಾಂತದ ಒಬ್ಬ ವಕೀಲನು ಕಾರು ಅಪಘಾತದಲ್ಲಿ ಗಾಯಗೊಂಡು ಆಸ್ಪತ್ರೆಯಲ್ಲಿ ಮಲಗಿದ್ದ ಹದಿನೆಂಟು ವರ್ಷದ ಹುಡುಗಿಯ ಹಾಸಿಗೆಯ ಬಳಿಗೇ ಹೋಗಿ ವಕೀಲಪತ್ರಕ್ಕೆ ಸಹಿಯನ್ನು ಬೇಡಿದನು. ಅವನಿಗೆ ವಿಧಿಸಿದ ಶಿಕ್ಷೆಯು ಸರಿಯೆಂದು ಅದೇ ಸುಪ್ರೀಮ್ ಕೋರ್ಟು ೧೯೭೮ರಲ್ಲಿ ಎತ್ತಿಹಿಡಿಯಿತು. ವೃತ್ತಪತ್ರವನ್ನು ಓದುವವನು ಅದನ್ನು ಮಡಚಿಟ್ಟು ವಿಚಾರಮಾಡಬಲ್ಲನು. ಹಾಸಿಗೆಯಲ್ಲಿ ಮಲಗಿದವಳು ಎದ್ದುಹೋಗಲಾರಳು. ೧೯೮೫ರ ಇನ್ನೊಂದು ಮೊಕದ್ದಮೆಯಲ್ಲಿ, ಹಣ ಬರದಿದ್ದರೆ ಶುಲ್ಕವಿಲ್ಲವೆಂದು ಸಾರಿದ ಜಾಹೀರಾತು ವಿಚಾರಣೆಗೆ ಬಂದಿತು. ಸೋತರೆ ಶುಲ್ಕವಿಲ್ಲದಿದ್ದರೂ ಕೋರ್ಟಿನ ಖರ್ಚು ಕಕ್ಷಿಗಾರನ ಮೇಲೆ ಬೀಳಬಹುದು. ಆ ಮಾತನ್ನು ಹೇಳದೆ ಬಿಟ್ಟರೆ ಓದುವವನು ಮೋಸಹೋಗುವನೆಂದು ನ್ಯಾಯಾಲಯವು ನುಡಿಯಿತು. ಫ್ಲಾರಿಡಾದಲ್ಲಿ ಅಪಘಾತವಾದ ಮೂವತ್ತು ದಿನಗಳೊಳಗೆ ಗಾಯಾಳುವಿಗಾಗಲಿ ಅವನ ಮನೆಯವರಿಗಾಗಲಿ ವಕೀಲರು ಪತ್ರ ಬರೆಯಬಾರದೆಂಬ ನಿಯಮವಾಗಿ, ಅದೂ ೧೯೯೫ರಲ್ಲಿ ಊರ್ಜಿತವಾಯಿತು. ಜಾಹೀರಾತಿಗೆ ಅಪ್ಪಣೆ ಕೊಟ್ಟ ದೇಶವೂ ಶೋಕದ ಮನೆಯ ಹೊಸ್ತಿಲಲ್ಲಿ ಒಂದು ಗೆರೆಯನ್ನು ಎಳೆಯಬೇಕಾಯಿತೆಂಬದು ಮನನಮಾಡತಕ್ಕ ಸಂಗತಿ.

ನಮ್ಮಲ್ಲಿ ಆ ಗೆರೆಯನ್ನು ಬಹು ದೂರದಲ್ಲಿಯೇ ಎಳೆದಿದ್ದಾರೆ. ೧೯೬೧ರ ನ್ಯಾಯವಾದಿಗಳ ಕಾಯಿದೆಯ ಕೆಳಗೆ ಭಾರತೀಯ ವಕೀಲರ ಪರಿಷತ್ತು ಮಾಡಿದ ನಿಯಮಗಳಲ್ಲಿ ಮೂವತ್ತಾರನೆಯದು, ನ್ಯಾಯವಾದಿಯು ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ, ಸುತ್ತೋಲೆ, ಜಾಹೀರಾತು, ದಲ್ಲಾಳಿಗಳ ಮೂಲಕವಾಗಲಿ ಕೆಲಸವನ್ನು ಬೇಡಕೂಡದೆಂದು ವಿಧಿಸುತ್ತದೆ. ಹೆಸರಿನ ಫಲಕವೂ ಮಿತವಾದ ಅಳತೆಯದಾಗಿರತಕ್ಕದ್ದು. ಮುಂಬಯಿಯ ಮ್ಯಾಜಿಸ್ಟ್ರೇಟ್ ಕೋರ್ಟಿನ ಬಾಗಿಲಲ್ಲಿ ಕಕ್ಷಿಗಾರರಿಗಾಗಿ ಕಾದು ನಿಂತು ಮೇಲೆಬಿದ್ದು ಕೆಲಸವನ್ನು ಸೆಳೆಯುತ್ತಿದ್ದರೆಂಬ ಆರೋಪಕ್ಕೆ ಗುರಿಯಾದ ವಕೀಲರ ಪ್ರಕರಣವು ೧೯೭೫ರಲ್ಲಿ ಸುಪ್ರೀಮ್ ಕೋರ್ಟಿಗೆ ಬಂದಾಗ, ವಕೀಲಿಯು ವ್ಯಾಪಾರವಲ್ಲ, ಕಕ್ಷಿಗಾರರ ಕೆಲಸವು ಸರಕಲ್ಲವೆಂಬ ಅರ್ಥದ ಮಾತುಗಳನ್ನು ನ್ಯಾಯಮೂರ್ತಿ ಕೃಷ್ಣ ಅಯ್ಯರರು ಬರೆದರು. ೨೦೦೮ರಲ್ಲಿ ನಿಯಮವು ತುಸು ಸಡಿಲವಾಗಿ, ನ್ಯಾಯವಾದಿಯು ತನ್ನ ಹೆಸರು, ವಿಳಾಸ, ನೋಂದಣಿಯ ಸಂಖ್ಯೆ, ಪದವಿ, ತಾನು ನಡೆಸುವ ಕೆಲಸದ ಕ್ಷೇತ್ರ ಇಷ್ಟನ್ನು ಅಂತರ್ಜಾಲದಲ್ಲಿ ಪ್ರಕಟಿಸಬಹುದೆಂದಾಯಿತು. ಅದಕ್ಕಿಂತ ಹೆಚ್ಚಿನ ಪ್ರಚಾರವನ್ನು ೨೦೨೪ರಲ್ಲಿ ಮದರಾಸು ಹೈಕೋರ್ಟು ಮತ್ತೆ ಖಂಡಿಸಿತು. ಪರಿಹಾರದ ಹಣದಲ್ಲಿ ಇಷ್ಟು ಪಾಲು ತನಗೆಂದು ನ್ಯಾಯವಾದಿಯು ಕರಾರು ಮಾಡಿಕೊಳ್ಳುವದನ್ನೂ ಅವೇ ನಿಯಮಗಳು ನಿಷೇಧಿಸುತ್ತವೆ. ಅಮೇರಿಕದಲ್ಲಿ ಅದು ರೂಢಿಯಾದ ಪದ್ಧತಿ.

ನಿಯಮದ ಉದ್ದೇಶವು ಘನವಾದದ್ದೆಂಬದರಲ್ಲಿ ಸಂಶಯವಿಲ್ಲ. ಆದರೆ ಅದರ ಪರಿಣಾಮವನ್ನು ಹಳ್ಳಿಯ ಜಗಲಿಯ ಮೇಲೆ ಕುಳಿತು ನೋಡಬೇಕು. ಪ್ರಾಮಾಣಿಕನಾದ ನ್ಯಾಯವಾದಿಯು ನಿಯಮಕ್ಕೆ ತಲೆಬಾಗಿ ಬಾಯಿ ಮುಚ್ಚಿಕೊಂಡಿರುವನು. ದಲ್ಲಾಳಿಗೆ ಯಾವ ನಿಯಮವೂ ಇಲ್ಲ, ಅವನು ಮಾತನಾಡುವನು. ಸಜ್ಜನನ ಮೌನವು ಧೂರ್ತನ ಮಾತಿಗೆ ಸ್ಥಳವನ್ನು ತೆರವುಮಾಡಿಕೊಟ್ಟಂತಾಗುತ್ತದೆ. ಈ ಮಾತಿಗಾಗಿ ನಿಯಮವನ್ನೇ ಕಿತ್ತೊಗೆಯಬೇಕೆಂದು ಹೇಳಲಾಗದು. ಹಾಸಿಗೆಯ ಬಳಿಯ ಆ ಹುಡುಗಿಯ ನೆನಪು ಅದಕ್ಕೆ ಅಡ್ಡಬರುತ್ತದೆ. ತೆರವಾದ ಸ್ಥಳವನ್ನು ಬೇರೆ ಯಾರಾದರೂ ತುಂಬಬೇಕೆಂಬದೇ ಇಲ್ಲಿಯ ಪ್ರಶ್ನೆ.

೬

ತುಂಬಬೇಕಾದವರು ಯಾರೆಂಬದನ್ನು ಕಾಯಿದೆಯೇ ಹೇಳಿದೆ. ಬಡವನಿಗೆ ಉಚಿತವಾದ ನ್ಯಾಯಸಹಾಯವನ್ನು ಒದಗಿಸುವದು ರಾಜ್ಯದ ಧರ್ಮವೆಂದು ೧೯೭೬ರಲ್ಲಿ ಸಂವಿಧಾನದಲ್ಲಿ ಸೇರಿತು. ೧೯೮೭ರಲ್ಲಿ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಾಗಿ, ೧೯೯೫ರ ನವಂಬರದಿಂದ ಜಾರಿಗೆ ಬಂದಿತು. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕಾರ್ಖಾನೆಯ ಕೆಲಸಗಾರರು ಇವರಿಗೆಲ್ಲ ಆದಾಯವನ್ನು ಕೇಳದೆಯೇ ಸರಕಾರದ ಖರ್ಚಿನಿಂದ ವಕೀಲರು ದೊರೆಯತಕ್ಕದ್ದು. ರಸ್ತೆಯಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸೂ, ಕಾಲನ್ನು ಕಳೆದುಕೊಂಡ ಗಂಡಸೂ ಈ ಪಟ್ಟಿಯಲ್ಲಿ ತಾವಾಗಿಯೇ ಸೇರಿದ್ದಾರೆ. ತಾಲೂಕಿನ ಕೋರ್ಟುಗಳಲ್ಲಿ ಇದಕ್ಕಾಗಿ ಸಮಿತಿಗಳಿವೆ. ೧೫೧೦೦ ಎಂಬ ಸಂಖ್ಯೆಗೆ ದೂರವಾಣಿ ಮಾಡಿಯೂ ಕೇಳಬಹುದು. ಜನರಿಗೆ ಹಕ್ಕುಗಳನ್ನು ತಿಳಿಸಿಕೊಡುವದೂ ಈ ಸಂಸ್ಥೆಗಳ ಕರ್ತವ್ಯಗಳಲ್ಲೊಂದು. ಹೀಗಿದ್ದು, ದಲ್ಲಾಳಿಯ ಹೆಸರನ್ನು ಬಲ್ಲ ಮನೆಯು ಈ ಸಮಿತಿಯ ಹೆಸರನ್ನು ಅರಿಯದಿದ್ದರೆ ಅದಕ್ಕೆ ಕಾರಣವು ಮಾತಿನ ಧಾಟಿಯಲ್ಲಿದೆ. ಒಂದು ಮಾತು ಫಲಕದ ಮೇಲೆ ಕಾಯಿದೆಯ ಕನ್ನಡದಲ್ಲಿ ಬರೆದಿರುವದು. ಇನ್ನೊಂದು ಮನೆಯ ಅಂಗಳದಲ್ಲಿ “ತಾಯೀ” ಎಂದು ಕರೆಯುವದು.

ಹಾಗಾದರೆ ಬೆಚ್ಚನೆಯ ಮಾತೆಂದರೆ ಯಾವದು? ಸವಿಯಾದ ಸಂಬೋಧನೆಯಲ್ಲಿ ಅದು ಮುಗಿಯುವದಿಲ್ಲ. ನೊಂದವನಿಗೆ ತಿಳ್ಳಗಾಗಿ ಸತ್ಯವನ್ನು ಹೇಳುವದೇ ಅದರ ಜೀವಾಳ. ಆರು ತಿಂಗಳ ಗಡುವಿದೆಯೆಂದು ಮೊದಲೇ ಹೇಳಬೇಕು. ಆಸ್ಪತ್ರೆಯ ಬಿಲ್ಲುಗಳನ್ನೂ ಔಷಧದ ಚೀಟಿಗಳನ್ನೂ ಒಂದು ಚೀಲದಲ್ಲಿ ಕೂಡಿಡಬೇಕೆಂದು ಹೇಳಬೇಕು. ಓದಿ ಹೇಳದ ಕಾಗದಕ್ಕೆ ಹೆಬ್ಬೆಟ್ಟು ಒತ್ತಬಾರದೆಂದೂ, ಪರಿಹಾರದ ಹಣದಲ್ಲಿ ಪಾಲು ಕೇಳುವದು ನಿಯಮಕ್ಕೆ ವಿರುದ್ಧವೆಂದೂ, ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಆ ತೀರ್ಪೇ ಕೊನೆಯದಾಗಿ ಮೇಲ್ಮನವಿಯಿಲ್ಲವಾದ್ದರಿಂದ ಒಪ್ಪುವ ಮೊದಲು ಎರಡು ಸಲ ವಿಚಾರಿಸಬೇಕೆಂದೂ ಹೇಳಬೇಕು. ಸಿಗಲಾರದ್ದನ್ನು ಸಿಗುವದೆಂದು ಹೇಳದಿರುವದೂ ದಯೆಯ ಒಂದು ರೂಪವೇ.

ಇಂಥ ಮಾತಿಗೆ ನ್ಯಾಯಾಲಯಗಳೇ ಕೆಲವೊಮ್ಮೆ ಮೇಲ್ಪಂಕ್ತಿ ಹಾಕಿಕೊಟ್ಟಿವೆ. ಬೆಂಗಳೂರಿನ ಒಬ್ಬ ಕೂಲಿಕಾರನು ೨೦೦೪ರಲ್ಲಿ ಅಪಘಾತಕ್ಕೀಡಾಗಿ, ತಾನು ತಿಂಗಳಿಗೆ ೪,೫೦೦ ರೂಪಾಯಿ ದುಡಿಯುತ್ತಿದ್ದೆನೆಂದು ಹೇಳಿದನು. ಕಾಗದವಿಲ್ಲವೆಂದು ನ್ಯಾಯಮಂಡಳಿಯು ಅದನ್ನು ೩,೦೦೦ಕ್ಕೆ ಇಳಿಸಿತು. ಕೂಲಿಯವನು ತನ್ನ ಗಳಿಕೆಗೆ ಕಾಗದವನ್ನು ಎಲ್ಲಿಂದ ತರಬೇಕು, ದಿನಕ್ಕೆ ನೂರು ನೂರೈವತ್ತು ರೂಪಾಯಿ ಆ ಕಾಲದ ವಾಡಿಕೆಯ ಕೂಲಿಯೇ ಅಲ್ಲವೇ ಎಂದು ವಿಚಾರಿಸಿ ಸುಪ್ರೀಮ್ ಕೋರ್ಟು ೨೦೧೧ರಲ್ಲಿ ಅವನ ಮಾತನ್ನೇ ಮನ್ನಿಸಿತು. ಸಂಬಳವಿಲ್ಲದೆ ದುಡಿಯುವ ಗೃಹಿಣಿಯ ಕೆಲಸಕ್ಕೆ ಬೆಲೆಯೇ ಇಲ್ಲವೆನ್ನುತ್ತಿದ್ದ ವಾದವನ್ನು ತಳ್ಳಿ, ಅವಳ ಸೇವೆಯನ್ನು ತಿಂಗಳಿಗೆ ೩,೦೦೦ ರೂಪಾಯಿಯೆಂದು ಅದೇ ನ್ಯಾಯಾಲಯವು ೨೦೦೧ರಲ್ಲಿ ಎಣಿಸಿತ್ತು. ದಾವೆಯಲ್ಲಿ ಕೇಳಿದ್ದಕ್ಕಿಂತ ಹೆಚ್ಚು ನ್ಯಾಯವಾಗಿ ಸಲ್ಲುವದಾದರೆ ಅದನ್ನೂ ಕೊಡಬಹುದೆಂದು ೨೦೦೨ರಲ್ಲಿ ನಿರ್ಣಯವಾಯಿತು. ಈ ತೀರ್ಪುಗಳಲ್ಲಿ ಒಂದು ಕಣ್ಣೀರಿನ ಶಬ್ದವೂ ಬೇಕಾಗಲಿಲ್ಲ. ನೊಂದವನ ಮಾತನ್ನು ನಂಬಿದ್ದೇ ಅವುಗಳ ಬಿಸುಪು.

ನಿಯಮದ ಮಿತಿಯೊಳಗೇ ಇದ್ದು ನ್ಯಾಯವಾದಿಯು ಮಾಡಬಹುದಾದದ್ದೂ ಕಡಿಮೆಯೇನಲ್ಲ. ಬೀದಿಯಲ್ಲಿ ಕರೆಯಬಾರದೆಂದಿದೆಯೇ ಹೊರತು, ಬಾಗಿಲಿಗೆ ಬಂದವರನ್ನು ಕುಳ್ಳಿರಿಸಿ ನೀರು ಕೊಟ್ಟು ಅವರ ಭಾಷೆಯಲ್ಲಿ ಮಾತನಾಡಬಾರದೆಂದು ಯಾವ ಪರಿಷತ್ತೂ ಹೇಳಿಲ್ಲ. ಶುಲ್ಕವೆಷ್ಟೆಂಬದನ್ನು ಮೊದಲ ದಿನವೇ ತಿಳಿಸುವದಕ್ಕೂ, ಅರ್ಜಿಯಲ್ಲಿ ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳುವದಕ್ಕೂ, ಉಚಿತ ಸಹಾಯಕ್ಕೆ ಅರ್ಹಳಾದವಳಿಗೆ ಆ ಸಮಿತಿಯ ದಾರಿಯನ್ನು ತೋರಿಸುವದಕ್ಕೂ ಅಡ್ಡಿಯೇನು? ಶಾಲೆಯ ಮಾಸ್ತರರೂ, ಗ್ರಾಮಪಂಚಾಯತಿಯವರೂ, ಓದುಬರಹ ಬಲ್ಲ ಮನೆಗಳವರೂ ಇದರಲ್ಲಿ ಪಾಲುಗೊಳ್ಳಬಹುದು. ನೆರೆಮನೆಯಲ್ಲಿ ಅಪಘಾತವಾದಾಗ ಹೋಗಿ ಮರುಗುವದು ನಮ್ಮಲ್ಲಿ ಇನ್ನೂ ಉಳಿದ ಒಳ್ಳೆಯ ರೂಢಿ. ಮರುಗಿ ಏಳುವ ಮುನ್ನ ಗಡುವಿನ ಮಾತನ್ನೂ ಸಮಿತಿಯ ಮಾತನ್ನೂ ಒಂದಿಷ್ಟು ಹೇಳಿಬಂದರೆ, ದಲ್ಲಾಳಿಯು ಬರುವ ಹೊತ್ತಿಗೆ ಆ ಮನೆಯು ಅಷ್ಟರಮಟ್ಟಿಗೆ ಎಚ್ಚರವಾಗಿರುವದು.

ವೀರಗಲ್ಲನ್ನು ನಿಲ್ಲಿಸಿದವರು ಯಾರನ್ನೂ ಕೂಗಿ ಕರೆಯಲಿಲ್ಲ. ಸತ್ತವನ ಹೆಸರನ್ನೂ ಅವನ ಮನೆಯವರಿಗೆ ಸಲ್ಲುವದನ್ನೂ ಊರಿನ ಮಾತಿನಲ್ಲಿ ಬರೆದು, ಊರ ಮುಂದೆ ನಿಲ್ಲಿಸಿ ಹೋದರು. ಗೊಟಗೋಡಿಯ ಶಿಲ್ಪವನವನ್ನು ನೋಡಲು ಬರುವವರು ಹಳೆಯ ಬಾಳುವೆಯ ಚೆಲುವನ್ನು ಕಂಡು ನಲಿಯುತ್ತಾರೆ, ನಲಿಯತಕ್ಕದ್ದೇ. ಅದರೊಡನೆ, ಹೆದ್ದಾರಿಯಲ್ಲಿ ಬಿದ್ದವನ ಮನೆಯವರಿಗೆ ಅವರ ಹಕ್ಕನ್ನು ಅವರದೇ ಮಾತಿನಲ್ಲಿ, ಬಯಲಿನಲ್ಲಿ, ಬೆಲೆಯಿಲ್ಲದೆ ತಿಳಿಸುವ ಹಳೆಯ ಪದ್ಧತಿಯೂ ಈ ಸೀಮೆಯಲ್ಲಿ ಮತ್ತೆ ಬೇರೂರಿದರೆ ನೆತ್ತರುಗೊಡಗೆಯೆಂಬ ಶಬ್ದವನ್ನು ಸೃಷ್ಟಿಸಿದ ನಾಡಿಗೆ ಅದು ಒಪ್ಪುವ ಕೆಲಸವಾದೀತು.